ಕಳೆದುಹೋಗುವ ಮುನ್ನ ಒಂದು ಪ್ರತಿ

ಪ್ರತಿ ವರ್ಷ ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ನಮ್ಮ ಕುಟುಂಬದವರೆಲ್ಲ ಚಿತ್ರದುರ್ಗದ ನಮ್ಮ ಮನೆಯಲ್ಲಿ ಸೇರುತ್ತೇವೆ. ಹಿರಿಯೂರಿನಿಂದ ತಮ್ಮನ ಮನೆಯವರು, ಹೊಸದುರ್ಗದಿಂದ ಅಕ್ಕ ಭಾವ, ಹೊಳಲ್ಕೆರೆಯಿಂದ ಚಿಕ್ಕಪ್ಪ ಬರುತ್ತಾರೆ. ಸಮಾಧಿಗೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ, ಮನೆಗೆ ಬಂದು ಊಟ ಮುಗಿಸಿದ ಮೇಲೆ ಒಂದು ಕಾರ್ಯಕ್ರಮ ತಪ್ಪದೆ ನಡೆಯುತ್ತಿತ್ತು. ಅದು ಗಣಕಯಂತ್ರದಲ್ಲಿದ್ದ ಅಪ್ಪನ ದನಿಯನ್ನು ಕೇಳುವುದು. ಅಪ್ಪ ತೀರಿಕೊಳ್ಳುವ ಹಿಂದಿನ ವರ್ಷ ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ತಮ್ಮ ಬಾಲ್ಯದ ಬರಗಾಲ, ರಾಗಿ ಅಂಬಲಿ, ಬರಿಗಾಲಲ್ಲಿ ಶಾಲೆಗೆ ನಡೆದದ್ದು, ಅಮ್ಮನನ್ನು ಮೊದಲ ಸಲ ನೋಡಲು ಹೋದದ್ದು, ಎಲ್ಲವನ್ನೂ ಹೇಳಿದ್ದರು. ಮುಕ್ಕಾಲು ಗಂಟೆಯ ಮಾತು ಅದು.

ಒಂದು ವರ್ಷ ಮೇ ತಿಂಗಳ ಸಂಜೆ ಗುಡುಗು ಮಿಂಚಿನ ಮಳೆ ಬಂತು. ಸಿಡಿಲು ಬಡಿದದ್ದು ಎಲ್ಲಿಗೋ, ಸುಟ್ಟುಹೋದದ್ದು ನಮ್ಮ ಗಣಕಯಂತ್ರ. ನಮಗೆ ಆಗ ಅಷ್ಟು ಗಾಬರಿಯಾಗಲಿಲ್ಲ. ಹೊರಗಿನ ಒಂದು ಹಾರ್ಡ್ ಡಿಸ್ಕ್‌ಗೆ ಎಲ್ಲವನ್ನೂ ನಕಲು ಮಾಡಿಟ್ಟಿದ್ದೆವಲ್ಲ! ಆದರೆ ಆ ಡಿಸ್ಕ್ ಕೂಡ ಅದೇ ಯಂತ್ರಕ್ಕೆ ಸದಾ ಚುಚ್ಚಿಕೊಂಡೇ ಇತ್ತು. ಎರಡೂ ಒಟ್ಟಿಗೆ ಹೋದವು. ರಿಪೇರಿ ಅಂಗಡಿಯವರು ಎರಡನ್ನೂ ಬಿಚ್ಚಿ ನೋಡಿ ಕೈಚೆಲ್ಲಿದರು. ಅಕ್ಕನ ಮಗಳು ಎಂದೋ ತನ್ನ ಮೊಬೈಲಿಗೆ ಹಾಕಿಸಿಕೊಂಡಿದ್ದ ಒಂದು ತುಣುಕು ಮಾತ್ರ ಉಳಿಯಿತು. ಮುಕ್ಕಾಲು ಗಂಟೆಯಲ್ಲಿ ಒಂಬತ್ತು ನಿಮಿಷ. ಅಮ್ಮನನ್ನು ನೋಡಲು ಹೋದ ಕಥೆ ಅದರಲ್ಲಿ ಇರಲಿಲ್ಲ. ನಾವೆಲ್ಲ ತಲೆ ತಗ್ಗಿಸಿ ಕುಳಿತಿದ್ದಾಗ ಅಮ್ಮನೇ ಸಮಾಧಾನ ಹೇಳಿದರು: "ಹೋಗ್ಲಿ ಬಿಡ್ರಪ್ಪ, ನನಗೆ ನೆನಪೈತಲ್ಲ."

ಆ ನಷ್ಟದ ನಂತರ ನಾಲ್ಕು ಊರುಗಳ ನಾಲ್ಕು ಮನೆಯವರು ಸೇರಿ ಒಂದು ವ್ಯವಸ್ಥೆ ಮಾಡಿಕೊಂಡೆವು. ಅದಕ್ಕೆ ತಂತ್ರಜ್ಞರು ಬೇಕಾಗಲಿಲ್ಲ. ತಂತ್ರಾಂಶಕ್ಕೆ ಹಣವನ್ನೂ ಕೊಡಲಿಲ್ಲ. ನಿಮ್ಮ ಮನೆಗಳಲ್ಲೂ ಮದುವೆಯ ಫೋಟೋಗಳು, ಮಕ್ಕಳ ಅಂಕಪಟ್ಟಿಗಳು, ಜಮೀನಿನ ಪಹಣಿಯ ಪ್ರತಿಗಳು, ಹಿರಿಯರ ದನಿಗಳು ಇವೆಯಲ್ಲವೇ? ಅವುಗಳಿಗಾಗಿ ಈ ಲೇಖನ.

ಮೂರು ಬಂಡೆಗಳ ಪಾಠ

ಪ್ರತಿ ತೆಗೆದಿಡುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಸಾಮ್ರಾಟ ಅಶೋಕನ ಶಾಸನಗಳಿವೆ. ಇವನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಮೂರೂ ಕೆಲವೇ ಕಿಲೋಮೀಟರ್ ಅಂತರದಲ್ಲಿವೆ, ಮೂರರಲ್ಲಿಯೂ ಇರುವುದು ಒಂದೇ ಸಂದೇಶ. ಬ್ರಹ್ಮಗಿರಿಯ ಬಂಡೆಯನ್ನು ಊರ ಜನ ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಜಟಿಂಗ ರಾಮೇಶ್ವರದ ಬಂಡೆಗೆ ಬಳೆಗಾರರ ಗುಂಡು ಎಂಬ ಹೆಸರಿತ್ತು. ಈ ಮೂರನೆಯ ಬಂಡೆಯ ಅಕ್ಷರಗಳು ಬಹುಮಟ್ಟಿಗೆ ಸವೆದುಹೋಗಿವೆ. ಅದೊಂದೇ ಇದ್ದಿದ್ದರೆ ಸಂದೇಶದ ಹೆಚ್ಚಿನ ಭಾಗ ನಮಗೆ ದಕ್ಕುತ್ತಿರಲಿಲ್ಲ. ಆದರೆ ಬೇರೆ ಎರಡು ಬಂಡೆಗಳಿದ್ದವು. ಒಂದರಲ್ಲಿ ಅಳಿಸಿದ್ದನ್ನು ಇನ್ನೊಂದರಲ್ಲಿ ಓದಿಕೊಳ್ಳಲು ವಿದ್ವಾಂಸರಿಗೆ ಸಾಧ್ಯವಾಯಿತು. ಸುಮಾರು 2,250 ವರ್ಷಗಳ ಮೇಲೆಯೂ ಆ ಮಾತು ಉಳಿದಿರುವುದಕ್ಕೆ ಕಲ್ಲು ಗಟ್ಟಿಯಾಗಿರುವುದು ಒಂದು ಕಾರಣ, ಕಲ್ಲು ಒಂದಕ್ಕಿಂತ ಹೆಚ್ಚು ಇರುವುದು ಇನ್ನೊಂದು ಕಾರಣ.

ನಮ್ಮ ಧರ್ಮಸಭೆಗೂ ಈ ವಿವೇಕ ಹಿಂದಿನಿಂದಲೇ ಗೊತ್ತಿತ್ತು. 1917ರ ಧರ್ಮಸಭೆಯ ಕಾನೂನು ಸಂಹಿತೆಯ 470ನೇ ನಿಯಮದಂತೆ ಧರ್ಮಕೇಂದ್ರದ ಗುರುಗಳು ಪ್ರತಿ ವರ್ಷದ ಕೊನೆಗೆ ಸ್ನಾನದೀಕ್ಷೆ, ವಿವಾಹ, ಮರಣ ಮುಂತಾದ ದಾಖಲೆ ಪುಸ್ತಕಗಳ ಅಧಿಕೃತ ಪ್ರತಿಯೊಂದನ್ನು ಧರ್ಮಾಧ್ಯಕ್ಷರ ಕಾರ್ಯಾಲಯಕ್ಕೆ ಕಳುಹಿಸಬೇಕಿತ್ತು. 1983ರ ಸಂಹಿತೆಯ 491ನೇ ನಿಯಮ ದಾಖಲೆಗಳ ಪಟ್ಟಿಯನ್ನು ಎರಡು ಪ್ರತಿ ಮಾಡಿ, ಒಂದನ್ನು ಆಯಾ ದೇವಾಲಯದಲ್ಲೂ ಇನ್ನೊಂದನ್ನು ಧರ್ಮಕ್ಷೇತ್ರದ ದಾಖಲೆ ಭಂಡಾರದಲ್ಲೂ ಇಡಬೇಕೆಂದು ಹೇಳುತ್ತದೆ. ಒಂದು ಕಡೆ ಗೆದ್ದಲು ಹಿಡಿದರೆ, ಬೆಂಕಿ ಬಿದ್ದರೆ, ಇನ್ನೊಂದು ಕಡೆ ಉಳಿಯಲಿ ಎಂಬುದೇ ಇದರ ಅರ್ಥ.

ಇಂದು ಇದೇ ಮಾತನ್ನು ಮೂರು-ಎರಡು-ಒಂದು ಎಂಬ ಸೂತ್ರವಾಗಿ ಹೇಳುತ್ತಾರೆ. ಇದನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್. ಮುಖ್ಯವಾದ ಪ್ರತಿಯೊಂದಕ್ಕೂ ಒಟ್ಟು ಮೂರು ಪ್ರತಿಗಳಿರಲಿ, ಅವು ಎರಡು ಬೇರೆ ಬೇರೆ ಸಾಧನಗಳಲ್ಲಿರಲಿ, ಕನಿಷ್ಠ ಒಂದು ಪ್ರತಿ ಬೇರೆ ಜಾಗದಲ್ಲಿರಲಿ. ಬಿತ್ತನೆಯ ಬೀಜವನ್ನೆಲ್ಲ ಒಂದೇ ಗುಡಾಣದಲ್ಲಿ ತುಂಬಿಡದ ರೈತನಿಗೆ ಈ ಸೂತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾವುದು ಬ್ಯಾಕಪ್ ಅಲ್ಲ?

ಅನೇಕರು ಕೇಳುತ್ತಾರೆ: "ಎಲ್ಲ ಫೋಟೋಗಳೂ ಇಂಟರ್‌ನೆಟ್‌ನಲ್ಲೇ ಇರುತ್ತವಲ್ಲ, ಮತ್ತೇಕೆ ಈ ತೊಂದರೆ?" ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮೊಬೈಲು ಮತ್ತು ಇಂಟರ್‌ನೆಟ್ ಖಾತೆ ಒಂದಕ್ಕೊಂದು ಹೊಂದಿಕೊಂಡು ನಡೆಯುವಂತೆ ಇಟ್ಟಿದ್ದರೆ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಸಿಹೋಗಬಹುದು. ಅದು ಕನ್ನಡಿಯಿದ್ದಂತೆ. ಎದುರಿಗಿದ್ದವರು ಎದ್ದುಹೋದರೆ ಕನ್ನಡಿಯಲ್ಲಿಯೂ ಇರುವುದಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಉಚಿತವಾಗಿ ಇಡುವ ಸೌಲಭ್ಯವೂ 2021ರ ಜೂನ್ 1ರಿಂದ ನಿಂತಿದೆ.

ಸದಾ ಚುಚ್ಚಿಟ್ಟ ಡಿಸ್ಕ್ ಕೂಡ ನಂಬಿಕೆಗೆ ಅರ್ಹವಲ್ಲ. ಸಿಡಿಲಿನ ಮಾತು ಹೇಳಿದೆವು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ 150ಕ್ಕೂ ಹೆಚ್ಚು ದೇಶಗಳಿಗೆ ಹರಡಿ, ಯಂತ್ರಗಳಲ್ಲಿದ್ದ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಥವು ಯಂತ್ರಕ್ಕೆ ಜೋಡಿಸಿದ ಡಿಸ್ಕ್‌ಗಳನ್ನೂ ಬಿಡುವುದಿಲ್ಲ. ಆದ್ದರಿಂದ ಕೆಲಸ ಮುಗಿದೊಡನೆ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಡುವುದೇ ಕ್ಷೇಮ.

ಮುಕ್ತ ತಂತ್ರಾಂಶ ಏಕೆ?

ನಮ್ಮ ನಾಲ್ಕು ಮನೆಗಳಲ್ಲಿ ನಾಲ್ಕು ಬಗೆಯ ಯಂತ್ರಗಳಿವೆ. ನಮ್ಮಲ್ಲಿಯೂ ಹಿರಿಯೂರಿನಲ್ಲಿಯೂ ವಿಂಡೋಸ್. ಹೊಸದುರ್ಗದಲ್ಲಿ ಅಕ್ಕನ ಮಗಳ ಮ್ಯಾಕ್. ಹೊಳಲ್ಕೆರೆಯ ಚಿಕ್ಕಪ್ಪನದು ಹಳೆಯ ಯಂತ್ರ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಾಗ ಅದನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಲಿನಕ್ಸ್ ಮಿಂಟ್ ಹಾಕಿಸಿದರು. ಈ ಎಲ್ಲ ಯಂತ್ರಗಳಲ್ಲಿಯೂ ಒಂದೇ ರೀತಿ ನಡೆಯುವ, ಒಂದು ಮನೆಯ ಪ್ರತಿಯನ್ನು ಇನ್ನೊಂದು ಮನೆಯಲ್ಲಿ ತೆರೆಯಲು ಬರುವ ತಂತ್ರಾಂಶ ನಮಗೆ ಬೇಕಾಗಿತ್ತು.

ಮುಕ್ತ ತಂತ್ರಾಂಶವೆಂದರೆ ಅದರ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅಡುಗೆಯ ಜೊತೆಗೆ ಅದನ್ನು ಮಾಡುವ ವಿಧಾನವನ್ನೂ ಕೊಟ್ಟಂತೆ. ತಯಾರಿಸಿದವರು ನಾಳೆ ಕೈಬಿಟ್ಟರೂ ಇನ್ನೊಬ್ಬರು ಮುಂದುವರಿಸಬಹುದು. ಹತ್ತಿಪ್ಪತ್ತು ವರ್ಷ ಉಳಿಯಬೇಕಾದ ವಸ್ತುವಿಗೆ ಇದು ದೊಡ್ಡ ಅನುಕೂಲ. ಒಂದು ಮಾತನ್ನು ಮಾತ್ರ ಮರೆಯಬಾರದು. ಇಂಥ ತಂತ್ರಾಂಶಗಳು ಯಾವ ಖಾತರಿಯೂ ಇಲ್ಲದೆ ಬರುತ್ತವೆ. ಪರೀಕ್ಷಿಸಿ ನೋಡುವ ಹೊಣೆ ನಮ್ಮದೇ.

ನಾವು ಆರಿಸಿಕೊಂಡದ್ದು ಡುಪ್ಲಿಕಾಟಿ ಎಂಬ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇದು ಒಂದೇ ಮುಖ ತೋರಿಸುತ್ತದೆ. ರೆಸ್ಟಿಕ್, ಬೋರ್ಗ್ ಎಂಬ ಒಳ್ಳೆಯ ಮುಕ್ತ ತಂತ್ರಾಂಶಗಳೂ ಇವೆ. ಆದರೆ ಅವು ಮೂಲದಲ್ಲಿ ಆಜ್ಞೆಗಳನ್ನು ಬೆರಳಚ್ಚು ಮಾಡಿ ನಡೆಸುವಂಥವು. ಮನೆಮಂದಿಗೆ ಡುಪ್ಲಿಕಾಟಿ ಸುಲಭವೆನಿಸಿತು.

ಹಾಕಿಕೊಳ್ಳುವ ಬಗೆ

ಮೊದಲನೆಯದಾಗಿ ವಿಂಡೋಸ್. ಡುಪ್ಲಿಕಾಟಿಯ ಅಧಿಕೃತ ತಾಣದಿಂದಲೇ ಕಡತವನ್ನು ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಬರುವ ಜಾಹೀರಾತುಗಳನ್ನು ಒತ್ತಬೇಡಿ. ಇಳಿಸಿದ ಕಡತವನ್ನು ಎರಡು ಬಾರಿ ಒತ್ತಿ, ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಡುತ್ತಾ ಹೋದರೆ ಆಯಿತು. ಪರದೆಯ ಕೆಳಗೆ ಗಡಿಯಾರದ ಪಕ್ಕದಲ್ಲಿ ಅದರ ಚಿಹ್ನೆ ಕಾಣಿಸುತ್ತದೆ. ಅದನ್ನು ತೆರೆದರೆ ಬ್ರೌಸರ್‌ನಲ್ಲಿ ಒಂದು ಪುಟ ಬರುತ್ತದೆ. ಮೇಲೆ ಲೋಕಲ್‌ಹೋಸ್ಟ್ 8200 ಎಂಬ ವಿಳಾಸವಿರುತ್ತದೆ. ಬ್ರೌಸರ್ ಕಂಡು ಗಾಬರಿಯಾಗಬೇಡಿ. ಆ ಪುಟ ನಿಮ್ಮ ಯಂತ್ರದ ಒಳಗಿನದೇ, ಇಂಟರ್‌ನೆಟ್ ಇಲ್ಲದಿದ್ದರೂ ತೆರೆಯುತ್ತದೆ.

ಎರಡನೆಯದಾಗಿ ಮ್ಯಾಕ್. ಇಳಿಸಿದ ಕಡತವನ್ನು ತೆರೆದು ಡುಪ್ಲಿಕಾಟಿಯನ್ನು ಅಪ್ಲಿಕೇಶನ್ಸ್ ಫೋಲ್ಡರಿಗೆ ಎಳೆದು ಹಾಕಬೇಕು. ಆದರೆ ಇಷ್ಟಕ್ಕೇ ನಿಲ್ಲಿಸಬಾರದು. ಮ್ಯಾಕ್ ಯಂತ್ರವು ನಮ್ಮ ಅನುಮತಿಯಿಲ್ಲದೆ ಕೆಲವು ಫೋಲ್ಡರುಗಳನ್ನು ಯಾವ ತಂತ್ರಾಂಶಕ್ಕೂ ತೋರಿಸುವುದಿಲ್ಲ. ಸಿಸ್ಟಂ ಸೆಟ್ಟಿಂಗ್ಸ್‌ನ ಪ್ರೈವಸಿ ಅಂಡ್ ಸೆಕ್ಯುರಿಟಿ ವಿಭಾಗದಲ್ಲಿ ಫುಲ್ ಡಿಸ್ಕ್ ಆಕ್ಸೆಸ್ ಎಂಬಲ್ಲಿ ಡುಪ್ಲಿಕಾಟಿಗೆ ಅನುಮತಿ ಕೊಡಬೇಕು. ಇದನ್ನು ಮರೆತರೆ ಕೆಲಸ ಮುಗಿದಂತೆ ಕಾಣುತ್ತದೆ, ಆದರೆ ಕೆಲವು ಫೋಲ್ಡರುಗಳು ಪ್ರತಿಯಲ್ಲಿ ಸೇರಿರುವುದಿಲ್ಲ.

ಮೂರನೆಯದಾಗಿ ಲಿನಕ್ಸ್. ಉಬುಂಟು, ಮಿಂಟ್‌ಗಳಿಗೆ ಒಂದು ಬಗೆಯ ಕಡತ, ಫೆಡೋರಾಕ್ಕೆ ಇನ್ನೊಂದು ಬಗೆಯದು ಅದೇ ತಾಣದಲ್ಲಿ ಸಿಗುತ್ತದೆ. ಹಳೆಯ ಆವೃತ್ತಿಗಳಿಗೆ ಮೋನೋ ಎಂಬ ಬೇರೊಂದು ತಂತ್ರಾಂಶವನ್ನೂ ಹಾಕಬೇಕಿತ್ತು, ಈಗಿನವಕ್ಕೆ ಬೇಕಿಲ್ಲ. ಉಬುಂಟು ಬಳಸುವವರಿಗೆ ಡೇಜಾ ಡೂಪ್ ಎಂಬ ಸರಳವಾದ ಮುಕ್ತ ತಂತ್ರಾಂಶವೂ ಇದೆ, ಆದರೆ ಅದು ವಿಂಡೋಸ್‌ಗೆ ಬರುವುದಿಲ್ಲ. ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಎಂಬುದು ಮೊದಲೇ ಇರುತ್ತದೆ. ಚಿಕ್ಕಪ್ಪ ಅದನ್ನು ನೋಡಿ, "ಇದು ಇದೆಯಲ್ಲ, ಸಾಕು" ಎಂದಿದ್ದರು. ಆದರೆ ಟೈಮ್‌ಶಿಫ್ಟ್ ಕಾಪಾಡುವುದು ಯಂತ್ರದ ವ್ಯವಸ್ಥೆಯನ್ನು. ನಾವಾಗಿ ಹೇಳದಿದ್ದರೆ ಅದು ನಮ್ಮ ಫೋಟೋ, ಪತ್ರಗಳನ್ನು ಮುಟ್ಟುವುದಿಲ್ಲ.

ಬಳಸುವ ಬಗೆ

ಹೊಸ ಬ್ಯಾಕಪ್ ಸೇರಿಸಿ ಎಂಬ ಗುಂಡಿಯನ್ನು ಒತ್ತಿದರೆ ಡುಪ್ಲಿಕಾಟಿ ಐದು ಪ್ರಶ್ನೆಗಳನ್ನು ಕೇಳುತ್ತದೆ. ಮೂರೂ ಬಗೆಯ ಯಂತ್ರಗಳಲ್ಲಿ ಪ್ರಶ್ನೆಗಳು ಅವೇ.

ಒಂದು, ಹೆಸರು ಮತ್ತು ಗುಪ್ತವಾಕ್ಯ. ಗುಪ್ತವಾಕ್ಯ ಕೊಟ್ಟರೆ ಪ್ರತಿಯ ಎಲ್ಲ ಭಾಗಗಳಿಗೂ ಬೀಗ ಬೀಳುತ್ತದೆ. ಡಿಸ್ಕ್ ಯಾರ ಕೈಗೆ ಸಿಕ್ಕರೂ ಒಳಗಿನದನ್ನು ಓದಲಾಗದು.

ಎರಡು, ಪ್ರತಿಯನ್ನು ಇಡುವ ಸ್ಥಳ. ಹೊರಗಿನ ಡಿಸ್ಕ್‌ನಲ್ಲಿ ಒಂದು ಫೋಲ್ಡರ್ ಮಾಡಿ ಅದನ್ನು ತೋರಿಸಿ.

ಮೂರು, ಯಾವುದನ್ನು ಕಾಪಾಡಬೇಕು ಎಂಬುದು. ಫೋಟೋ, ಡಾಕ್ಯುಮೆಂಟ್ ಫೋಲ್ಡರುಗಳ ಜೊತೆಗೆ ಅಂಗಡಿಯ ಲೆಕ್ಕದಂಥವು ಬೇರೆ ಜಾಗದಲ್ಲಿ ಇರಬಹುದು. ಅವನ್ನು ಹುಡುಕಿ ಗುರುತು ಹಾಕಿ. ಲೆಕ್ಕದ ತಂತ್ರಾಂಶ ತೆರೆದಿದ್ದರೆ ಅದನ್ನು ಮುಚ್ಚಿಯೇ ಬ್ಯಾಕಪ್ ನಡೆಸಿ. ಮೊಬೈಲಿನ ಫೋಟೋಗಳನ್ನು ತಿಂಗಳಿಗೊಮ್ಮೆ ತಂತಿ ಜೋಡಿಸಿ ಗಣಕಯಂತ್ರದ ಒಂದು ಫೋಲ್ಡರಿಗೆ ಇಳಿಸಿಕೊಂಡರೆ ಅವೂ ಇದರಲ್ಲೇ ಸೇರುತ್ತವೆ.

ನಾಲ್ಕು, ಯಾವಾಗ ಎಂಬುದು. ದಿನವೂ ತಾನಾಗಿ ನಡೆಯುವಂತೆ ಇಡಬಹುದು. ಕರೆಂಟು ಹೋಗಿ ಹೊತ್ತು ತಪ್ಪಿದರೆ ಯಂತ್ರ ಮತ್ತೆ ಹೊತ್ತಿಕೊಂಡಾಗ ನಡೆಯುತ್ತದೆ. ನಾವು ಡಿಸ್ಕನ್ನು ಬಿಚ್ಚಿಡುವುದರಿಂದ ಆ ಗುರುತನ್ನು ತೆಗೆದುಹಾಕಿ, ಭಾನುವಾರದ ಊಟದ ನಂತರ ನಾವೇ ಚುಚ್ಚಿ ನಡೆಸುತ್ತೇವೆ.

ಐದು, ಎಷ್ಟು ಕಾಲದ ಪ್ರತಿಗಳನ್ನು ಉಳಿಸಬೇಕು ಎಂಬುದು. ಸ್ಮಾರ್ಟ್ ಎಂಬ ಆಯ್ಕೆಯನ್ನು ಆರಿಸಿದರೆ ಕಳೆದ ಏಳು ದಿನಗಳಲ್ಲಿ ದಿನಕ್ಕೊಂದು, ನಾಲ್ಕು ವಾರಗಳಲ್ಲಿ ವಾರಕ್ಕೊಂದು, ಹನ್ನೆರಡು ತಿಂಗಳುಗಳಲ್ಲಿ ತಿಂಗಳಿಗೊಂದರಂತೆ ಉಳಿಸಿಕೊಂಡು ಮಿಕ್ಕವನ್ನು ತೆಗೆಯುತ್ತದೆ. ಮಗು ಆಡುತ್ತಾ ಒಂದು ಕಡತವನ್ನು ಕೆಡಿಸಿ, ಅದು ನಮಗೆ ಮೂರು ವಾರದ ನಂತರ ಗೊತ್ತಾದರೂ ಹಿಂದಿನ ಒಳ್ಳೆಯ ಪ್ರತಿ ಇರುತ್ತದೆ.

ಮೊದಲ ಸಲ ಇದು ಬಹಳ ಹೊತ್ತು ಹಿಡಿಯುತ್ತದೆ. ಮುಂದಿನ ಸಲಗಳಲ್ಲಿ ಬೇಗ ಮುಗಿಯುತ್ತದೆ. ಏಕೆಂದರೆ ಡುಪ್ಲಿಕಾಟಿ ಕಡತಗಳನ್ನು ಸಣ್ಣ ಸಣ್ಣ ತುಂಡುಗಳಾಗಿ ನೋಡಿ, ಮೊದಲೇ ಇರುವ ತುಂಡನ್ನು ಬಿಟ್ಟು ಹೊಸದನ್ನಷ್ಟೇ ಬರೆದುಕೊಳ್ಳುತ್ತದೆ. ಕಿರಾಣಿ ಅಂಗಡಿಯವರು ಉದ್ರಿ ಪುಸ್ತಕವನ್ನು ದಿನವೂ ಮೊದಲಿನಿಂದ ಬರೆಯುತ್ತಾರೆಯೇ? ಇಲ್ಲ, ಇಂದಿನ ಸಾಲನ್ನು ಮಾತ್ರ ಸೇರಿಸುತ್ತಾರೆ. ಇದೂ ಹಾಗೆಯೇ.

ಯಂತ್ರದಿಂದ ಯಂತ್ರಕ್ಕೆ ಹೋಗುವಾಗ

ಬೇರೆ ಬೇರೆ ವ್ಯವಸ್ಥೆಗಳ ನಡುವೆ ನಾವು ಎಡವಿದ ಮೂರು ಕಲ್ಲುಗಳನ್ನು ಇಲ್ಲಿ ಹೇಳಬೇಕು.

ಮೊದಲನೆಯದು ಡಿಸ್ಕ್. ವಿಂಡೋಸ್‌ಗೆಂದು ಎನ್‌ಟಿಎಫ್‌ಎಸ್ ರೀತಿಯಲ್ಲಿ ಸಿದ್ಧಮಾಡಿದ ಡಿಸ್ಕನ್ನು ಮ್ಯಾಕ್ ಓದುತ್ತದೆ, ಆದರೆ ಅದರ ಮೇಲೆ ಬರೆಯುವುದಿಲ್ಲ. ಹಳೆಯ ಫ್ಯಾಟ್32 ರೀತಿಯಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಸುವುದಿಲ್ಲ, ಹಾಗಾಗಿ ಮದುವೆಯ ವಿಡಿಯೋ ನೇರವಾಗಿ ನಕಲು ಮಾಡುವಾಗ ಅರ್ಧಕ್ಕೆ ನಿಲ್ಲುತ್ತದೆ. ಎಕ್ಸ್‌ಫ್ಯಾಟ್ ರೀತಿಯಲ್ಲಿ ಸಿದ್ಧಮಾಡಿದರೆ ಮೂರೂ ವ್ಯವಸ್ಥೆಗಳು ಓದುತ್ತವೆ, ಬರೆಯುತ್ತವೆ. ಸಿದ್ಧಮಾಡುವಾಗ ಡಿಸ್ಕ್‌ನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ಹೊಸ ಡಿಸ್ಕ್ ತಂದ ದಿನವೇ ಮಾಡಿ. ಅದರ ಮೇಲೆ ಬರೆಯುತ್ತಿರುವಾಗ ಥಟ್ಟನೆ ಕೀಳಬೇಡಿ.

ಎರಡನೆಯದು ಕಡತದ ಹೆಸರು. ಚಿಕ್ಕಪ್ಪ ತಮ್ಮ ಕಡತಗಳಿಗೆ ಹಬ್ಬದ ಹೆಸರು ಬರೆದು ಎರಡು ಚುಕ್ಕೆಯಿಟ್ಟು ವರ್ಷ ಬರೆಯುತ್ತಿದ್ದರು. ಲಿನಕ್ಸ್ ಇದನ್ನು ಒಪ್ಪುತ್ತದೆ. ವಿಂಡೋಸ್‌ನಲ್ಲಿ ಎರಡು ಚುಕ್ಕೆ, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆಗಳು ಹೆಸರಿನಲ್ಲಿ ಇರುವಂತಿಲ್ಲ. ಅಂಥ ಹೆಸರಿನ ಕಡತಗಳನ್ನು ನಮ್ಮ ಯಂತ್ರಕ್ಕೆ ಇಳಿಸಹೋದಾಗ ತೊಂದರೆಯಾಯಿತು. ಹೆಸರುಗಳನ್ನು ಸರಳವಾಗಿಡಿ.

ಮೂರನೆಯದು ನಮ್ಮ ಕನ್ನಡದ ಕಲ್ಲು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ನಾವು ವರ್ಷಗಟ್ಟಲೆ ಪತ್ರ, ಪ್ರಾರ್ಥನೆ, ನಾಟಕ, ಲೆಕ್ಕ ಬರೆದಿದ್ದೇವೆ. ನಮ್ಮ ಪ್ರತಿಯನ್ನು ಹೊಳಲ್ಕೆರೆಯಲ್ಲಿ ತೆರೆದಾಗ ಎಲ್ಲ ಕಡತಗಳೂ ಬಂದವು, ಆದರೆ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ತುಂಬಿದ್ದವು. ಕಡತ ಕೆಟ್ಟಿರಲಿಲ್ಲ. ಆ ಅಕ್ಷರಶೈಲಿ ಆ ಯಂತ್ರದಲ್ಲಿ ಇರಲಿಲ್ಲ. ಯೂನಿಕೋಡ್‌ನಲ್ಲಿ ಬರೆದ ಕನ್ನಡ ಎಲ್ಲ ಯಂತ್ರಗಳಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಹಳೆಯದನ್ನು ಯೂನಿಕೋಡ್‌ಗೆ ಬದಲಾಯಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಈ ಕೆಲಸ ಮುಗಿಸಿ, ಮುಖ್ಯವಾದವನ್ನು ಪಿಡಿಎಫ್ ಆಗಿಯೂ ಉಳಿಸಿಕೊಳ್ಳಿ. ಉಳಿದಿದೆ ಆದರೆ ಓದಲಾಗದು ಎಂದರೆ ಉಳಿದು ಏನು ಫಲ?

ತೂಬು ತೆರೆದು ನೋಡಿ

ಹಿರಿಯೂರಿನ ಸುತ್ತಲಿನ ರೈತರಿಗೆ ಒಂದು ವಿಷಯವನ್ನು ಹೇಳಿಕೊಡಬೇಕಿಲ್ಲ. ಕೆರೆಯಲ್ಲಿ ನೀರು ನಿಂತರೆ ಸಾಲದು, ಬೇಕಾದ ದಿನ ತೂಬು ತೆರೆದುಕೊಳ್ಳಬೇಕು. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಅಷ್ಟು ವರ್ಷವೂ ಅದರ ಬೆಲೆಯನ್ನು ಜನ ಅಳೆದದ್ದು ಕೋಡಿಯಿಂದಲ್ಲ, ತೂಬಿನಿಂದ ಹೊಲಕ್ಕೆ ಹರಿದ ನೀರಿನಿಂದ. ನಮ್ಮ ಪ್ರತಿಗಳೂ ಹಾಗೆಯೇ. ಬ್ಯಾಕಪ್ ಮುಗಿಯಿತು ಎಂಬ ಹಸಿರು ಗುರುತು ಕಂಡರೆ ಕೆರೆ ತುಂಬಿದೆ ಎಂದಷ್ಟೇ ಅರ್ಥ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ಟಾಯ್ ಸ್ಟೋರಿ 2 ಚಿತ್ರ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಬಹುಭಾಗ ಅಳಿಸಿಹೋಯಿತು. ಬ್ಯಾಕಪ್ ಇತ್ತು. ಆದರೆ ಅದು ಕೆಲವು ವಾರಗಳಿಂದ ಸರಿಯಾಗಿ ನಡೆದಿಲ್ಲವೆಂಬುದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಯಾರೂ ತೆರೆದು ನೋಡಿರಲಿಲ್ಲ. ಕೊನೆಗೆ ಕೈಹಿಡಿದದ್ದು ಗ್ಯಾಲಿನ್ ಸಸ್ಮನ್ ಎಂಬ ತಾಂತ್ರಿಕ ನಿರ್ದೇಶಕಿ. ಹಸುಗೂಸಿನ ಬಾಣಂತಿಯಾಗಿದ್ದ ಅವರು ಮನೆಯಿಂದ ಕೆಲಸ ಮಾಡಲೆಂದು ಒಂದು ಪ್ರತಿಯನ್ನು ಮನೆಯ ಯಂತ್ರದಲ್ಲಿ ಇಟ್ಟುಕೊಂಡಿದ್ದರು. ಬೇರೆ ಜಾಗದಲ್ಲಿದ್ದ ಪ್ರತಿಯೇ ಚಿತ್ರವನ್ನು ಉಳಿಸಿತು.

ಆದ್ದರಿಂದ ನಾವು ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡುತ್ತೇವೆ. ನಮ್ಮ ಡಿಸ್ಕನ್ನು ಬೇರೆ ಮನೆಯ ಯಂತ್ರಕ್ಕೆ ಜೋಡಿಸಿ, ಡುಪ್ಲಿಕಾಟಿಯಲ್ಲಿ ರಿಸ್ಟೋರ್ ವಿಭಾಗಕ್ಕೆ ಹೋಗಿ, ಬ್ಯಾಕಪ್ ಕಡತಗಳಿಂದ ನೇರವಾಗಿ ಎಂಬ ಆಯ್ಕೆಯನ್ನು ಒತ್ತುತ್ತೇವೆ. ಡಿಸ್ಕ್‌ನ ಫೋಲ್ಡರನ್ನು ತೋರಿಸಿ ಗುಪ್ತವಾಕ್ಯ ಬರೆದರೆ ದಿನಾಂಕಗಳ ಪಟ್ಟಿ ಬರುತ್ತದೆ. ಒಂದು ದಿನಾಂಕವನ್ನು ಆರಿಸಿ, ಒಂದು ಫೋಟೋ, ಒಂದು ಪತ್ರ, ಒಂದು ಧ್ವನಿಯ ಕಡತಕ್ಕೆ ಗುರುತು ಹಾಕಿ, ಹೊಸದೊಂದು ಫೋಲ್ಡರಿಗೆ ಇಳಿಸುತ್ತೇವೆ. ಹಳೆಯ ಜಾಗಕ್ಕೇ ಇಳಿಸಲು ಹೇಳಬೇಡಿ, ಏಕೆಂದರೆ ವಿಂಡೋಸ್‌ನ ದಾರಿಗಳು ಲಿನಕ್ಸ್‌ನಲ್ಲಿ ಇರುವುದಿಲ್ಲ. ಆಮೇಲೆ ಆ ಮೂರನ್ನೂ ತೆರೆದು ನೋಡುತ್ತೇವೆ, ಕೇಳುತ್ತೇವೆ. ಆಗ ಮಾತ್ರ ನಮಗೆ ಪ್ರತಿ ಇದೆ ಎಂದು ಹೇಳಿಕೊಳ್ಳುತ್ತೇವೆ.

ಬೀಗದ ಕೈ ಯಾರ ಬಳಿ?

ಗುಪ್ತವಾಕ್ಯ ಮರೆತರೆ ಆ ಪ್ರತಿಯನ್ನು ಯಾರೂ ತೆರೆಯಲಾರರು, ತಂತ್ರಾಂಶ ತಯಾರಿಸಿದವರೂ ತೆರೆಯಲಾರರು. ಮನೆಯಲ್ಲಿ ಗಣಕಯಂತ್ರ ನೋಡಿಕೊಳ್ಳುವವರು ಒಬ್ಬರೇ ಇದ್ದು, ಅವರಿಗೇ ಏನಾದರೂ ಆದರೆ? ಹೆಂಡತಿ ಮಕ್ಕಳ ಕೈಯಲ್ಲಿ ಡಿಸ್ಕ್ ಇರುತ್ತದೆ, ತೆರೆಯುವ ದಾರಿ ಇರುವುದಿಲ್ಲ. ಆದ್ದರಿಂದ ನಾಲ್ಕೈದು ಪದಗಳ ಗುಪ್ತವಾಕ್ಯವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಇಡಿ, ಕನ್ನಡ ಕೀಲಿಮಣೆ ಎಲ್ಲ ಯಂತ್ರದಲ್ಲೂ ಸಿದ್ಧವಿರುವುದಿಲ್ಲ. ಅದನ್ನು ಕಾಗದದ ಮೇಲೆ ಬರೆದು ಎರಡು ಲಕೋಟೆಗಳಲ್ಲಿ ಹಾಕಿ. ಒಂದು ನಿಮ್ಮ ಮನೆಯ ಬೀರುವಿನಲ್ಲಿ ಪತ್ರಗಳ ಜೊತೆ ಇರಲಿ, ಇನ್ನೊಂದು ನಂಬಿಕೆಯ ಬಂಧುಗಳ ಬಳಿ ಇರಲಿ. ಡಿಸ್ಕ್ ಇಟ್ಟ ಮನೆಯಲ್ಲೇ ಲಕೋಟೆಯನ್ನೂ ಇಡಬೇಡಿ.

ಈಗ ನಮ್ಮ ನಾಲ್ಕು ಮನೆಗಳ ವ್ಯವಸ್ಥೆ ಹೀಗಿದೆ. ಪ್ರತಿ ಮನೆಗೂ ಎರಡು ಡಿಸ್ಕ್. ಒಂದು ಮನೆಯಲ್ಲೇ ಇರುತ್ತದೆ. ಇನ್ನೊಂದು ಬೇರೆ ಊರಿನಲ್ಲಿ. ಚಿತ್ರದುರ್ಗದ್ದು ಹಿರಿಯೂರಿಗೆ, ಹಿರಿಯೂರಿನದು ಹೊಸದುರ್ಗಕ್ಕೆ, ಹೊಸದುರ್ಗದ್ದು ಹೊಳಲ್ಕೆರೆಗೆ, ಹೊಳಲ್ಕೆರೆಯದು ನಮ್ಮಲ್ಲಿಗೆ. ಕ್ರಿಸ್ಮಸ್, ಪಾಸ್ಕ ಹಬ್ಬ, ಮೃತರ ಸ್ಮರಣೆಯ ದಿನ ಹೇಗೂ ಹೋಗಿ ಬರುತ್ತೇವೆ. ಕಜ್ಜಾಯದ ಡಬ್ಬಿಯ ಜೊತೆಗೆ ಡಿಸ್ಕ್‌ಗಳೂ ಅದಲುಬದಲಾಗುತ್ತವೆ. ಬೀಗವಿರುವುದರಿಂದ ಒಬ್ಬರ ಗುಟ್ಟು ಇನ್ನೊಬ್ಬರಿಗೆ ತಿಳಿಯುವ ಭಯವಿಲ್ಲ. ಒಂದು ಊರಿನಲ್ಲಿ ಸಿಡಿಲು ಬಿದ್ದರೆ ಇನ್ನೊಂದು ಊರಿನಲ್ಲಿ ಪ್ರತಿ ಇರುತ್ತದೆ.

ಪ್ರಿಯ ಓದುಗರೇ, ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಈ ಭಾನುವಾರ ನಿಮ್ಮ ಮನೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಂದು ರಾತ್ರಿ ಈ ಯಂತ್ರ ಸುಟ್ಟುಹೋದರೆ ಯಾವುದಕ್ಕಾಗಿ ನಾವು ಅಳುತ್ತೇವೆ? ಅದರಿಂದ ಆರಂಭಿಸಿ.

ಅಪ್ಪನ ಒಂಬತ್ತು ನಿಮಿಷದ ಮಾತು ಈಗ ನಾಲ್ಕೂ ಊರುಗಳಲ್ಲಿದೆ. ಉಳಿದದ್ದು ಮರಳಿ ಬರುವುದಿಲ್ಲ. ಆದರೆ ಕಳೆದ ನವೆಂಬರ್ 2ರಂದು ಊಟವಾದ ಮೇಲೆ ಅಕ್ಕನ ಮಗಳು ಅಮ್ಮನ ಎದುರಿಗೆ ಮೊಬೈಲ್ ಇಟ್ಟು, "ಅಜ್ಜಿ, ತಾತ ನಿನ್ನ ನೋಡಾಕೆ ಬಂದಿದ್ದು ಹೇಳು" ಎಂದಳು. ಅಮ್ಮ ಸೆರಗು ಸರಿಮಾಡಿಕೊಂಡು ನಕ್ಕರು. ಅಪ್ಪ ಹೇಳುತ್ತಿದ್ದ ಕಥೆಯಲ್ಲಿ ಇಲ್ಲದ ಎರಡು ಸಂಗತಿಗಳನ್ನೂ ಸೇರಿಸಿ ಹೇಳಿದರು. ಆ ರಾತ್ರಿಯೇ ಅದನ್ನು ಡಿಸ್ಕ್‌ಗಳಿಗೆ ಇಳಿಸಿದೆವು. ಬೆಳಿಗ್ಗೆ ಎಲ್ಲರೂ ಹೊರಡುವ ಮುನ್ನ ಒಂದು ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿ, ಕಡತವನ್ನು ಹಿಂಪಡೆದು, ಕೊನೆಯವರೆಗೂ ಕೇಳಿದೆವು. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಅವರವರ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟರು.